ಖಾಲಿ ಮಾಡದ ಬಾಡಿಗೆದಾರ

ಅಲ್ಲಮ್ಮಾ, ಇದ್ರಲ್ಲಿ ನಗೋ ವಿಷ್ಯ ಏನೈತೆ? ಈ ಲ್ಯಾಪ್‌ಟಾಪಿಂದ ಡಿಲೀಟ್ ಮಾಡ್ದೆ ಅಂದ್ನಲ್ಲ. ಆ ಸಾಫ್ಟ್‌ವೇರ್ ಐಕಾನ್ ಇಡ್ಕೊಂಡು ಎಳ್ಕೊಂಡೋಗಿ ಕಸದ್ ಬುಟ್ಟಿಗೇ ಆಕ್ದೆ. ಬುಟ್ಟೀನೂ ಖಾಲಿ ಮಾಡ್ದೆ. ಬೆಳಿಗ್ಗೆ ಆನ್ ಮಾಡಿದ್ರೆ ಮತ್ತೆ ಅಲ್ಲೇ ಕೂತೈತೆ... ಮೈ ಉರೀತದೋ ಇಲ್ವೋ ನೀನೇ ಏಳು.

ಏನು? ಐಕಾನ್ ತೆಗೆದ್ರೆ ಸಾಫ್ಟ್‌ವೇರ್ ಓಗಲ್ವಾ? ಓ... ಅಂದ್ರೆ ಮನೆ ಮುಂದಿನ ಬೋರ್ಡ್ ಕಿತ್ತಾಕ್ದೆ, ಬಾಡಿಗೆಯವನು ಒಳಗೇ ಅವ್ನೆ ಅಂತ. ಅಂಗೇಳು ಮತ್ತೆ, ಅರ್ಥ ಆಗ್ತದೆ. ಕೆಂಪಾಪುರದಲ್ಲಿ ಬಿಲ್ಡಿಂಗ್ ಕಟ್ಟಿ ಬಾಡಿಗೆಗೆ ಬಿಟ್ಟಿರೋನಮ್ಮ ನಾನು, ನಾಗಭೂಷಣ ಅಂತ. ಖಾಲಿ ಮಾಡ್ಸೋದು ನಂಗೆ ಏಳ್ಕೊಡ್ಬೇಕಾ? ಸಾಮಾನು ಸಮೇತ ಆಚೆಗಾಕ್ಬೇಕು. ಇಲ್ಲೊಬ್ಬ ಇದ್ದ ಅನ್ನೋ ಗುರ್ತೂ ಇರ್ಬಾರ್ದು.

ಅಮ್ರೀನ್ ಅಲ್ವಾ ನಿನ್ನೆಸ್ರು? ಬೋರ್ಡಲ್ಲಿ ನೋಡ್ದೆ. ಆರ್‌.ಟಿ. ನಗರದಲ್ಲಿ ಲ್ಯಾಪ್‌ಟಾಪ್‌ಗೆ ನೀನೇ ಸರಿ ಅಂದ್ರು ಯಾರೋ... ಕೆಂಪಾಪುರದಲ್ಲಿ ಅಂಗಡಿ ಇಲ್ವಾ ಅಂತೀಯಾ? ಬೇಕಾದಷ್ಟವೆ. ಅಲ್ಲೆಲ್ಲ ನಮ್ಮೋರೇ ಕಣಮ್ಮ. ಒಂದು ಸ್ಕ್ರೂ ಬಿಚ್ಚಿದ್ರೂ ಸಂಜೆಗೆ ಮನೆ ವಿಷ್ಯ ಬೀದೀಲಿರ್ತದೆ.

ಏಯ್, ಆ ಬೊಟ್ಟು ಕೀಳ್ಬೇಡ... ಇರ್ಲಿ. ನನ್ ಮಗ್ಳು ಧನುಶ್ರೀ ಅಂಟಿಸಿರೋದು, ಅವಳ ಅಣೆ ಸ್ಟಿಕ್ಕರ್ರು. ಅಲ್ಲಿ ಕ್ಯಾಮೆರಾ ಐತಲ್ಲ, ಅದ್ರ ಮೇಲೆ. ಎಂಎಸ್ಸಿ ಮಾಡ್ತಾವ್ಳೆ. ಓದ್ಕೊಂಡು ಕೂತಿದ್ಲಂತೆ, ಕ್ಯಾಮೆರಾ ದೀಪ ತಂತಾನೇ ಉರೀತಂತೆ. ಕಿರುಚ್ಕೊಂಡು ಓಡ್ಬಂದ್ಲು. ಯಾರೋ ಎಲ್ಲೋ ಕೂತು ಇವಳು ಓದೋದು ಬರೆಯೋದು ಎಲ್ಲಾ ನೋಡೋ ಸಾಫ್ಟ್‌ವೇರ್ ಅಂತೆ ಇದು. ಅವತ್ತಿಂದ ತನ್ನ ರೂಮಲ್ಲಿ ಬಟ್ಟೆ ಬದಲಾಯ್ಸಲ್ಲ, ಬಾತ್ರೂಮಿಗೋಗ್ತಾಳೆ. ಉಂಡ್ರೆ ಉಂಡ್ಲು, ಇಲ್ಲಾಂದ್ರಿಲ್ಲ. ಯಾರ ಜೊತೇನೂ ಮಾತಿಲ್ಲ.

ಯಾರ ಕೆಲ್ಸ ಅಂತ ಕೇಳ್ತೀಯಾ? ಇನ್ಯಾರು, ಗಿರಿ. ನಮ್ಮಕ್ಕನ ಮಗ. ವೈಫೈ ಕೆಟ್ರೆ ಅವ್ನು, ಟಿವಿ ಕೆಟ್ರೆ ಅವ್ನು. ಧನೂನ ಅವನಿಗೆ ಕೊಡು ಅಂತ ಅಕ್ಕ ಕೇಳಿದ್ಲು, ನಾನು ಆಗಲ್ಲ ಅಂದೆ. ಆ ಒಟ್ಟೆಕಿಚ್ಚಿಗೆ ಆಕವ್ನೆ. ಅಕ್ಕನ ಮುಂದೇನೇ ಕೆನ್ನೆಗೆ ಎರಡು ಬಿಟ್ಟು ಆಚೆ ತಳ್ದೆ. ಅಕ್ಕ ಬಾಗಿಲಲ್ಲಿ ಸೆರಗು ಬಾಯಿಗಿಟ್ಕೊಂಡು ನಿಂತಿದ್ಲು... ನಾನು ತಿರುಗಿ ನೋಡ್ಲಿಲ್ಲ. ಬೇರೆ ಏನ್ ಮಾಡ್ಬೇಕಿತ್ತು?

ಅದು ನನ್ ಫೋನು, ಬಿಡು. ಮೇಸ್ತ್ರಿ ಮೆಸೇಜು. ಸೈಟಲ್ಲಿ ತಾರಸಿ ಮೋಲ್ಡ್ ಆಕ್ತಾವ್ರೆ ಇವತ್ತು.

ಆದ್ರೆ ನನ್ ಮಗ್ಳು ನಂಬ್ಬೇಕಲ್ಲ. ಗಿರಿ ಬಾವ ಅಂಥೋನಲ್ಲ, ನಡಿ ಪೊಲೀಸಿಗೆ ಕೊಡೋಣ ಅಂತಾಳೆ. ಪೊಲೀಸು ಗಿಲೀಸು ಅಂತ ಓದ್ರೆ ಮರ್ಯಾದೆ ಉಳೀತದಾ? ಮೊದ್ಲು ರಿಪೇರಿಯವರಿಗೆ ತೋರಿಸ್ತೀನಿ ಅಂದೆ. ಅಪ್ಪನ ಮಾತು ಬೇಡವಂತೆ ಅವಳಿಗೆ, ನಿನ್ನ ಬಾಯಲ್ಲೇ ಕೇಳ್ಬೇಕಂತೆ. ಕಾಲೇಜಿಂದ ಸೀದಾ ಇಲ್ಲಿಗೇ ಬರ್ತಾವ್ಳೆ. ಬಂದಾಗ ನೀನು ಇಷ್ಟೇಳು ಸಾಕು... ಎಲ್ಲಾ ತೆಗ್ದಾಯ್ತಮ್ಮ, ಮನೇಗೆ ಬಂದೋಗೋ ಉಡುಗನ ಕೆಲ್ಸ ಅಂತ. ಸುಳ್ಳೇನಲ್ವಲ್ಲ.

ಯಾವನವನು ಆರನ್ ಒಡೀತಿರೋದು? ಕಾರು ಅಡ್ಡ ಐತಂತಾ? ಸುತ್ಕೊಂಡೋಗ್ಲಿ. ನಂಬರ್ ನೋಡಿದ್ರೆ ಗೊತ್ತಾಗಲ್ವಾ ಯಾರ್ ಕಾರು ಅಂತ. ನಮ್ ಒಲದ ಸರ್ವೆ ನಂಬರಮ್ಮ ಅದು. ನಮ್ತಾತ ಲಕ್ಕಣ್ಣ ರಾಗಿ ಬೆಳೀತಿದ್ದ ಒಲ. ಈಗ ಅಪಾರ್ಟ್‌ಮೆಂಟ್ ಎದ್ದೈತೆ. ಒಲ ಓಯ್ತು, ನಂಬರ್ ಮಾತ್ರ ಬಿಟ್ಟಿಲ್ಲ ನಾವು. ಕಾರಿಗೂ ಅದೇ, ಬುಲೆಟ್‌ಗೂ ಅದೇ, ಮನೆ ವೈಫೈಗೂ ಅದೇ. ದುಡ್ಡು ಕಟ್ಟಿ ತಗೊಂಡಿರೋ ನಂಬರು.

ಏನು, ಫಾರ್ಮ್ಯಾಟಾ? ಬೇಡ ಬೇಡ, ಅದೊಂದು ಮಾಡ್ಬೇಡ. ಅವಳ ಪ್ರಾಜೆಕ್ಟ್ ಪೂರ್ತಿ ಅದ್ರೊಳಗೈತೆ. ಪಾಪ, ಎಷ್ಟು ಕಷ್ಟಪಟ್ಟು ಬರೆದವ್ಳೆ ಗೊತ್ತಾ. ಕ್ಲಾಸಿನ ಆ ಉಡುಗನ ಜೊತೆ ಚಾಟ್ ಮಾಡೋದೂ ಬರೀ ಬ್ಯಾಕ್ಟೀರಿಯಾ ವಿಷ್ಯಾನೇ, ಬೇರೆ ಒಂದಕ್ಷರ ಇಲ್ಲ.

...ಯಾಕಂಗ್ ನೋಡ್ತೀಯ? ಅವಳೇ ಏಳಿದ್ದು ನಂಗೆ. ಮಾತಾಡಲ್ಲ ಅಂದಿದ್ದು ಈಗಿನ ಮಾತು. ಇದು ಮುಂಚೆ. ನೀನು ಕೆಲ್ಸ ನೋಡು.

ಓ, ಇನ್ನೊಂದು ಒಳಗೆ ಅವಿತ್ಕೊಂಡಿತ್ತಾ? ಆನ್ ಮಾಡಿದ ತಕ್ಷಣ ತಾನೇ ಎದ್ದು ಅದನ್ನ ವಾಪಸ್ ಕೂರಿಸೋದು? ನೋಡ್ದಾ, ಕಳ್ಳ್ ನನ್ಮಗಂದು. ನಿಲ್ಸು ಅದನ್ನ. ಫೋಲ್ಡರ್‌ನೂ ತೆಗಿ... ಪಾಸ್‌ವರ್ಡಾ? ಆಕ್ದೋರು ಇಟ್ಟಿರೋ ಪಾಸ್‌ವರ್ಡ್ ಕೊಟ್ರೇನೇ ಬಿಡೋದಾ? ನಂಗೆಂಗಮ್ಮ ಗೊತ್ತಾಗ್ಬೇಕು. ಬೇರೆ ದಾರಿ ಐತೆ, ನಾಳೆ ಬಾ ಅಂದ್ರೆ ಎಂಗೆ? ಅವಳು ಈಗ್ಲೇ ಬರ್ತಾವ್ಳೆ.

ಮೇಸ್ತ್ರೀನೇ ಕಣಮ್ಮ. ಸಿಮೆಂಟ್ ಸಾಲ್ದು ಅಂತ ಬಡ್ಕೊಂತಾನೆ... ನೀನ್ಯಾಕೆ ಆ ಫೈಲ್ ಸುಮ್ಸುಮ್ನೆ ತೆಗೀತೀಯ, ಮುಚ್ತೀಯ? ನೀನು ತೆಗ್ದಾಗ್ಲೆಲ್ಲ ನನ್ ಜೇಬು ಟಿಣ್ ಅಂದ್ರೆ ನಾನೇನ್ ಮಾಡ್ಲಿ?

ಆಚೆ ಏನ್ ನೋಡ್ತಿದೀಯ? ಕಾರು ತೆಗೀಬೇಕಾ, ತೆಗೀತೀನಿ ಇರು. ಏನದು ಒತ್ತಿದ್ದು, ಕಾರ್ ನಂಬರಾ... ಬಿಡ್ತಾ? ಒಳಗೆ ಬಿಡ್ತಾ ಅದು?

...ಆ ನಂಬರ್ ಗಿರಿಗೂ ಗೊತ್ತಮ್ಮ. ಕೆಂಪಾಪುರಕ್ಕೇ ಗೊತ್ತು.

ಅಂಗ್ ನೋಡ್ಬೇಡ ನನ್ನ. ಚಾಟ್ ಎಲ್ಲಾ ಓಗೋದು ಅಂತ ಅದ್ಯಾವ ಫೋನ್ ನಂಬರ್ ತೋರಿಸ್ತೈತೋ ತೋರಿಸ್ಲಿ, ನೀನು ಒತ್ತು, ತೆಗ್ದಾಕು. ಯಾಕ್ ಕೈ ತೆಗ್ದೆ? ನಿಂಗೆ ಮಕ್ಕಳವ್ರಾ? ಬೆಳೆದ ಮಗ್ಳು ಬಾಗಿಲಾಕ್ಕೊಂಡು ಕೂತ್ರೆ ಅಪ್ಪಂಗೆ ಭಯ ಆಗಲ್ವೇನಮ್ಮ... ಕ್ಯಾಮೆರಾ ಉರೀತದೆ ಅಂತ ನಂಗೆ ಯಾರೂ ಏಳ್ಲಿಲ್ಲ. ದೇವ್ರಾಣೆ ಏಳ್ಲಿಲ್ಲ. ಕೊಟ್ಟೋರು ಬರೀ ಚಾಟ್ ನೋಡೋದು ಅಂದಿದ್ರು ಕಣಮ್ಮ.

ಒತ್ತಮ್ಮ. ಬೇಡ್ಕೊಂತೀನಿ, ಒತ್ತು. ಆ ಸ್ಕ್ರೀನ್ ಯಾಕೆ ಬಾಗಿಲ ಕಡೆ ತಿರುಗಿಸ್ದೆ...

ಬಾ ಧನು. ಬಸ್ ಬೇಗ ಸಿಕ್ತಾ ಮಗಾ? ಕೂತ್ಕೊ. ರಿಪೇರಿ ಆಯ್ತಂತೆ. ಗಿರೀದೇ ಅಂತೆ... ಏಳಮ್ಮ, ನನ್ ಮಗ್ಳಿಗೆ ಏಳು.

ಏನಾದ್ರೂ ಏಳಮ್ಮ.