ಅಂಚಿನಲ್ಲಿ ಉಳಿದ ಅಕ್ಕ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ನಮ್ಮ ಗ್ರಂಥಾಲಯದ ಓದುಗರೇ, ತಿಂಡಿ ಯಾವಾಗ ಬರುತ್ತದೋ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಪ್ರೀತಿಯ ಸಭಿಕರೇ,

ಪುಸ್ತಕಗಳ ಹಳೆಯ ಪಟ್ಟಿಯನ್ನೆಲ್ಲ ಒಂದಕ್ಷರ ಬಿಡದೆ ಹೊಸ ಕಂಪ್ಯೂಟರಿಗೆ ಸಾಗಿಸಿದೆನೆಂದು ನನಗೆ ಈ ಫಲಕ ಕೊಟ್ಟಿದ್ದೀರಿ. ಏನನ್ನೂ ಕಳೆಯದವಳು ಎಂದು ಅಧ್ಯಕ್ಷರು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಆದರೆ ನಾನು ಒಂದನ್ನು ಅಳಿಸಿದ್ದೇನೆ. ಬೇಕೆಂದೇ ಅಳಿಸಿದ್ದೇನೆ.

ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತು ಪಟ್ಟಿ ಟೈಪ್ ಮಾಡುತ್ತಿದ್ದವಳು ನನ್ನ ಅಕ್ಕ. ನಾನು ಕಂಪ್ಯೂಟರಿನ ಧೂಳು ಒರೆಸಲು ಹೋದರೂ, "ಏಯ್, ಮುಟ್ಟಬೇಡ ಕಣೇ! ನೀನು ಕೈ ಹಾಕಿದ್ದು ಯಾವುದು ಉಳಿದಿದೆ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಕುರ್ಚಿ ನನಗೆ ಬಂತು. ಡ್ರಾಯರಿನಲ್ಲಿ ಒಂದು ಫ್ಲಾಪಿ ಇತ್ತು, ಟೈಪ್ ಮಾಡಿದ್ದನ್ನು ತುಂಬಿಡುವ ಆ ಕಾಲದ ತೆಳು ಬಿಲ್ಲೆ. ಮೇಲೆ ಅವಳ ಅಕ್ಷರದಲ್ಲಿ ‘ತಂಗಿಗೆ’ ಎಂದಿತ್ತು. ಬೈಯುವುದು ಇನ್ನೇನು ಬಾಕಿ ಇದೆ ಎಂದುಕೊಂಡು, ಓದದೆಯೇ, ಆಗ ತಾನೇ ಬಂದಿದ್ದ ಎರಡನೇ ಕಂಪ್ಯೂಟರಿಗೆ ಹಾಕಿ, ಫಾರ್ಮ್ಯಾಟ್ ಮಾಡಿ ಇದ್ದದ್ದನ್ನೆಲ್ಲ ಅಳಿಸಿದೆ. ಪಟ್ಟಿಯ ಒಂದು ಭಾಗವನ್ನು ಅದರ ಮೇಲೆ ತುಂಬಿಸಿಬಿಟ್ಟೆ.

ಒಂದು ದಿನ ಅದೇ ಫ್ಲಾಪಿಯನ್ನು ಅಕ್ಕನ ಹಳೆಯ ಕಂಪ್ಯೂಟರಿಗೆ ಹಾಕಿದೆ. ಪುಸ್ತಕಗಳ ಹೆಸರಿನ ನಡುವೆ ಒಂದು ಸಾಲು ಬಂತು: ‘ತಂಗೀ, ಈ ಕೆಲಸ ನಿನಗೇ ಕೊಡಬೇಕೆಂದು ಕೇಳಿಕೊಂಡಿದ್ದೇನೆ.’

ಬೈಗುಳ ಇರಲಿಲ್ಲ.

ರಿಪೇರಿಯವರನ್ನು ಕರೆಸಿದೆ. "ಅದರಲ್ಲೇನಿದೆ ಅಮ್ಮಾ? ಬರೆದು ಓದುವ ಹೆಡ್ ಹೊಸದರಲ್ಲಿ ಸಣ್ಣದು, ಹಳೆಯದರಲ್ಲಿ ಅಗಲ. ಹೊಸದು ಅಕ್ಷರ ಕೂತಿರುವ ದಾರಿಯ ನಡುವೆ ಮಾತ್ರ ಗುಡಿಸಿದೆ. ಅಂಚಿನಲ್ಲಿ ಉಳಿದದ್ದು ಹಳೆಯದಕ್ಕೆ ಕಾಣುತ್ತೆ, ಅಷ್ಟೇ" ಎಂದರು. ಎಷ್ಟು ಸಮಾಧಾನವಾಯಿತು!

ಆದರೆ ಸಭಿಕರೇ, ಮರುದಿನ ಬೇರೆ ಸಾಲು ಬಂದದ್ದೇಕೆ? ಅದರ ಮರುದಿನ ಇನ್ನೊಂದು ಬಂದದ್ದೇಕೆ? ಒಮ್ಮೆ ‘ಕನ್ನಡಕ ನಿನಗೆ ಒಪ್ಪುತ್ತೆ’ ಎಂದು ಬಂತು. ನಾನು ಕನ್ನಡಕ ಹಾಕಿಕೊಂಡದ್ದು ಅಕ್ಕ ಹೋಗಿ ಆರು ವರ್ಷದ ಮೇಲೆ. ರಿಪೇರಿಯವರು ಮತ್ತೆ ಬಂದು ನೋಡಿದಾಗ ಬರೀ ಪುಸ್ತಕಗಳ ಹೆಸರುಗಳಿದ್ದವು. "ಸ್ವಲ್ಪ ರಜೆ ತಗೊಳ್ಳಿ ಅಮ್ಮಾ" ಎಂದು ಮೆಲ್ಲಗೆ ಹೇಳಿ ಹೋದರು.

ಹಳೆಯ ಫ್ಲಾಪಿಗಳಿಗೆ ಬೇಕು ಎಂದು ನೆಪ ಹೇಳಿ ಆ ಯಂತ್ರವನ್ನು ಉಳಿಸಿಕೊಂಡೆ. ಇಪ್ಪತ್ತು ವರ್ಷ, ಊಟದ ಬಿಡುವಿನಲ್ಲಿ, ದಿನಕ್ಕೊಂದು ಸಾಲು. ಇವರಿಗೆ ಊಟಕ್ಕೂ ಪುರುಸೊತ್ತಿಲ್ಲ ಎಂದು ನೀವೆಲ್ಲ ಮೆಚ್ಚಿಕೊಂಡಿರಿ.

ಇವತ್ತು ಬೆಳಿಗ್ಗೆ ಬಂದ ಸಾಲು ಇದು: ‘ಅರ್ಧ ಅಳಿಸಿದ್ದೀಯ ಕಣೇ. ನನಗೆ ಸಾಕಾಯಿತು. ಪೂರ್ತಿ ಅಳಿಸು.’

ಈಗ ಬಂದಿರುವ ಹೊಸ ಕಂಪ್ಯೂಟರಿನಲ್ಲಿ ಆ ಫ್ಲಾಪಿ ತೂರಿಸಲು ಜಾಗವೇ ಇಲ್ಲ. ಅಂಚಿನವರೆಗೂ ಅಳಿಸಬಲ್ಲದ್ದು ಆ ಹಳೆಯದೊಂದೇ. ಅದನ್ನು ಒಯ್ಯಲು ಗುಜರಿಯವರ ಗಾಡಿ ಹೊರಗೆ ಬಂದು ನಿಂತಿದೆ. ಹಾಗೇ ಕಳಿಸಿಬಿಟ್ಟರೆ ಅಕ್ಕ ಇದ್ದ ಹಾಗೂ ಅಲ್ಲ, ಹೋದ ಹಾಗೂ ಅಲ್ಲ. ಅಳಿಸಿದರೆ, ನಾಳೆ ಊಟದ ಹೊತ್ತಿಗೆ ನನಗೆ ಯಾರಿದ್ದಾರೆ?

ಅಧ್ಯಕ್ಷರೇ, ಫಲಕ ನಿಮ್ಮ ಹತ್ತಿರವೇ ಇರಲಿ. ನನಗೆ ಕಾಲು ಗಂಟೆ ಕೊಡಿ. ಗಾಡಿಯವರಿಗೆ ಕಾಯಲು ಹೇಳಿ. ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಒಳಗೆ ಎರಡು ದನಿ ಕೇಳಿಸಿದರೆ ಗಾಬರಿಯಾಗಬೇಡಿ. ಒಂದೇ ದನಿ ಉಳಿಯುವವರೆಗೆ ದಯವಿಟ್ಟು ಯಾರೂ ಬಾಗಿಲು ತಟ್ಟಬೇಡಿ.

ತಿಂಡಿ ಆರುವವರೆಗೂ ನನ್ನ ಮಾತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.