ಬೇಲಿಯ ಹಣ್ಣು ತಿಂದ ದಿನ

ಮನೆಗೆ ಯಾರಾದರೂ ಬಂದರೆ ನಮ್ಮಜ್ಜಿ ಮೊದಲು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿಕೊಂಡು ಬರುತ್ತಾರೆ. "ಬನ್ನಿ, ಕೂತ್ಕಳಿ" ಅನ್ನುವುದು ಆಮೇಲೆಯೇ. ಎಲೆ ಅಡಿಕೆ ಹಾಕುವವರೂ ಅಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ, ಕೇಳುವ ಧೈರ್ಯ ನನಗೆ ಕಡಿಮೆ. ನಾನು ಹಾಸನದ ನರ್ಸರಿಯಿಂದ ಹಳದಿ-ಗುಲಾಬಿ ಹೂವಿನ ಕುಂಡವೊಂದನ್ನು ತಂದು ಜಗಲಿಯ ಮೇಲಿಟ್ಟ ದಿನ ಅವರೇ ಶುರುಮಾಡಿದರು.

"ಲಂಟಾನ ಅಲ್ವಾ ಇದು? ಕುಂಡದಾಗಿಟ್ಟು ಮಾರ್ತಾರಾ ಈಗ! ನಗಬ್ಯಾಡ, ನಮ್ಮೂರಿಗೆ ಇದನ್ನ ತಂದಿದ್ದೇ ನಮ್ಮ ತಾತ ಕಣವ್ವ. ಕೊಣನೂರು ಕಡೆ ಒಂದು ಬಂಗ್ಲೆ ಇತ್ತಂತೆ, ಅಲ್ಲಿ ಮಾಲಿ ಅವ್ನು. ದೊರೆಸಾನಿ ಊವು ಚೆಂದ ಅಂತ ಸಮುದ್ರದಾಚೆಯಿಂದ ತರ್ಸಿದ್ಲಂತೆ. ತಾತ ಒಂದು ಕಡ್ಡಿ ಮುರ್ಕಂಡ್ ಬಂದು ನಮ್ಮಟ್ಟಿ ಬೇಲಿಗೆ ನೆಟ್ಟ. ಊರೋರೆಲ್ಲ ಬಂದು ನೋಡೋರಂತೆ, ಗೌಡ್ರ ಮನೆ ಊವಿನ ಬೇಲಿ ಅಂತ. ಆಮೇಕೆ ಗೊರವಂಕಗಳು ಅಣ್ಣು ತಿಂದು, ಬೀಜ ಗೋಮಾಳಕ್ಕೆಲ್ಲ ಬಿದ್ದು, ನಾನು ಹುಟ್ಟೋ ವೊತ್ಗೆ ದನ ಮೇಯಾಕೆ ಒಂದು ಗರಿಕೆ ಇಲ್ಲ. ಆಗ ಗೌಡ್ರ ಊವು ಅಂತ ಯಾರೂ ಅನ್ಲಿಲ್ಲ, 'ನಿಮ್ಮ ತಾತನ ಪೀಡೆ' ಅನ್ನೋರು.

ಏನ್ ಏಳಾಕೆ ಒಂಟಿದ್ದೆ? ಆ, ಒಂದು ವರ್ಸ ಬರ ಬಂತು. ಬರ ಅಂದ್ರೆ ಬರ ಕಣವ್ವ. ಹಗೇವು, ಅದೇ ನೆಲದಾಗೆ ರಾಗಿ ತುಂಬೋ ಗುಂಡಿ, ಅದ್ರಾಗೆ ಬರೀ ಮಣ್ಣಿನ ವಾಸ್ನೆ. ಅಂಥ ವರ್ಸದಾಗೆ ಹೊಳೆನರಸೀಪುರದ ಕಡೇರು ನನ್ನ ನೋಡಾಕೆ ಬತ್ತೀವಿ ಅಂದ್ರು. ನಮ್ಮಪ್ಪ ಏನಂದ್ಬುಟ್ಟವ್ನೆ? 'ನಮ್ಮ ಹಗೇವು ಇನ್ನೂ ಬಾಯಿ ತಗ್ದಿಲ್ಲ, ಎರಡು ವರ್ಸದ ರಾಗಿ ಐತೆ' ಅಂತ! ಅವ್ವ ಪಕ್ಕದ ಮನೇಲಿ ಕೈ ಒಡ್ಡಿ ರವೆ ತಂದು ಅವ್ರಿಗೆ ಅಂತ ಉಪ್ಪಿಟ್ಟು ಮಾಡಿದ್ಲು. ನಾವು ಮುಟ್ಟಂಗಿಲ್ಲ. ಬೆಳಗ್ಗಿಂದ ವಟ್ಟೆಗಿಲ್ಲ, ಬೇಲಿ ಹತ್ರ ಓದೆ, ಅಣ್ಣು ಕರ್ರಗೆ ಮಾಗಿದ್ವು, ತಿಂದೆ, ತಿಂತಾನೇ ಇದ್ದೆ. ಸಂಜೆ ಬತ್ತೀವಿ ಅಂದಿದ್ದೋರು ಮಧ್ಯಾನ್ನದ ಬಸ್ಸಿಗೇ ಬಂದ್ಬುಟ್ರು.

ಅವ್ವ ಕರ್ರಗಾಗಿದ್ದ ನನ್ನ ಬಾಯಿ ನೋಡಿ ಎದೆ ಬಡ್ಕಂಡ್ಲು. ಬೂದಿ ಹಾಕಿ ಉಜ್ಜಿದ್ಲು, ಹುಣಸೆಹಣ್ಣು ಹಾಕಿ ಉಜ್ಜಿದ್ಲು, ನಾಲ್ಗೆ ಉರೀತು, ಬಣ್ಣ ಓಗ್ಲಿಲ್ಲ. 'ಬಾಯ್ ಬಿಟ್ಟೀಯ ಕಣೇ, ಏನ್ ಕೇಳುದ್ರೂ ತಲೆ ಆಡ್ಸು' ಅಂದ್ಲು. ಓಗಿ ಕೂತೆ. ಗಂಡಿನ ಅವ್ವ, ಪಾಪ ಒಳ್ಳೇ ಎಂಗ್ಸು, 'ನಿನ್ನ ಎಸ್ರೇನವ್ವ?' ಅಂತು. ತಲೆ ಆಡ್ಸಿದೆ. 'ಅಡ್ಗೆ ಬತ್ತದಾ?' ತಲೆ ಆಡ್ಸಿದೆ. ಜೊತೇಲಿ ಬಂದಿದ್ದ ಮುದುಕಪ್ಪ, 'ಏನ್ ಗೌಡ್ರೇ, ಕೋಲೆಬಸವನ್ನ ತಂದು ಕೂರ್ಸಿದ್ದೀರಾ?' ಅಂದು ಕಿಸಕ್ಕನೆ ನಕ್ಕ. ನಮ್ಮಪ್ಪಂಗೆ ಸಿಟ್ಟು ಬಂತು. 'ಲೇ, ಬಾಯಿಗೆ ಬೀಗ ಆಕಂಡಿದ್ದೀಯೇನೇ? ಒಂದು ಸೋಬಾನೆ ಪದ ಏಳು!' ಅಪ್ಪಂಗೆ ಗೊತ್ತಿಲ್ವಲ್ಲ. ಅಪ್ಪನ ಮಾತು ಮೀರಾಕಾಯ್ತದಾ? ಬಾಯ್ ಬಿಟ್ಟೆ.

ಆಯಮ್ಮ ನನ್ನ ನಾಲ್ಗೆ ನೋಡ್ತು. ಬೇಲಿ ಕಡೆ ನೋಡ್ತು. ಕೈಲಿದ್ದ ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಅವ್ವನ ಮುಂದೆ ಇಟ್ಟು, 'ನಮ್ಗೆ ವಟ್ಟೆ ತುಂಬೈತೆ ತಾಯಿ, ಮಕ್ಳಿಗೆ ಕೊಡು' ಅಂತು. ಬೈದಿದ್ರೆ ತಡ್ಕಳ್ಳೋನು ಕಣವ್ವ ನಮ್ಮಪ್ಪ. ಅವ್ರು ಓಗೋಗಂಟ ತಲೆ ಎತ್ಲಿಲ್ಲ. ನಾನು? ಆ ಉಪ್ಪಿಟ್ಟು ತಿಂದೆ. ಅಳ್ತಾ ತಿಂದೆ ಅನ್ಕಂಡ್ಯಾ? ಗಬಗಬ ತಿಂದೆ, ತಮ್ಮಂಗೂ ಕೊಡ್ದಂಗೆ... ಇಲ್ಲ ಇಲ್ಲ, ಅವ್ನಿಗೊಂದು ತುತ್ತು ಕೊಟ್ಟೆ. ಆ ಕಡೆಯಿಂದ ಮತ್ತೆ ಮಾತು ಬರ್ಲಿಲ್ಲ. ಅಪ್ಪ ಮಾರ್ನೆ ದಿನ ಮಚ್ಚು ತಗಂಡು ಬೇಲಿ ಪೂರಾ ಕಡ್ದ. ಕಡುದ್ರೆ ಸಾಯ್ತದಾ ಅದು? ಒಂದು ಮಳೆ ಬಿತ್ತು, ಮೊದ್ಲಿಗಿಂತ ದಟ್ಟವಾಗಿ ಎದ್ದು ನಿಂತ್ಕಂತು. ಅದುಕ್ಕೇ ಏಳಾದು, ಹಿಟ್ಟಿಲ್ದಿದ್ರೆ ಹಿಟ್ಟಿಲ್ಲ ಅಂದ್ಬುಡ್ಬೇಕು, ಬೀಗ್ರ ಮುಂದೇನೇ ಆಗ್ಲಿ, ಮುಚ್ಚಾಕೆ ಓಗ್ಬಾರ್ದು."

ಗೇಟಿನ ಹತ್ತಿರ ಅಪ್ಪನ ಬೈಕಿನ ಸದ್ದಾಯಿತು. ಅಜ್ಜಿ ನನ್ನ ಮೊಣಕೈ ಹಿಡಿದು ದನಿ ತಗ್ಗಿಸಿದರು.

"ಇದನ್ನ ನಿಮ್ಮಪ್ಪಂಗೆ ಮಾತ್ರ ಏಳ್ಬ್ಯಾಡ ಕಣವ್ವ. ಏಳಲ್ಲ ತಾನೇ?"