ಎಂಟನೇ ಮನೆಯ ಆಚೆ ಗೋಡೆ

ಇದು ನನ್ನ ಚಿಕ್ಕಪ್ಪನ ಮಗನಿಗೆ ಆಗಿದ್ದು. ನನಗಿಂತ ನಾಲ್ಕು ವರ್ಷ ಚಿಕ್ಕವನು. ಬಸ್ ಡಿಪೋದಲ್ಲಿ ಟೈರು ಬಿಚ್ಚುವ, ಹಾಕುವ ಕೆಲಸ. ಸುಳ್ಳು ಹೇಳುವ ಪೈಕಿ ಅಲ್ಲ. ಸುಳ್ಳಿಗೆ ಬೇಕಾದಷ್ಟು ಮಾತೇ ಅವನ ಹತ್ತಿರ ಇಲ್ಲ.

ಅವತ್ತು ಎರಡನೇ ಪಾಳಿ ಮುಗಿಸಿ ಹೊರಟಾಗ ರಾತ್ರಿ ಹನ್ನೊಂದೂವರೆ. ದಿನವಿಡೀ ಬಸ್ಸಿಗೆ ಚಕ್ರ ಹಾಕಿದವನಿಗೆ ಹತ್ತೋಕೆ ಬಸ್ ಇಲ್ಲ. ನಡೆದ. ಗಲ್ಲಿ ಶುರುವಾಗುವಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ, ಜಾಲರಿ ಮೇಲೆ ಮುರುಕು ಕುರ್ಚಿ, ಒಂಟಿ ಚಪ್ಪಲಿ. ಅಲ್ಲಿಗೆ ಬಂದಾಗ ಎಲ್ಲರ ಕಾಲೂ ಒಂಚೂರು ಚುರುಕಾಗುತ್ತದೆ. ಇವನದೂ ಆಯ್ತು. ಒಳಗಿಂದ ಒಂದು ಕಪ್ಪೆ ವಟರ್ ಅಂತು... ಅಷ್ಟೇ. ಬಾವಿಯಲ್ಲಿ ಏನೂ ಇರಲಿಲ್ಲ. ಹೆದರುವ ಜಾಗ ದಾಟಿದೆ ಅಂತ ಉಸಿರು ಬಿಟ್ಟು, ಬೀಗ ತೆಗೆದು ಮನೆಯೊಳಗೆ ಹೋದ.

ಇದ್ದದ್ದು ಅಲ್ಲಿ... ಮನೆಯಲ್ಲಿ.

ವಠಾರ ಹೇಗಿದೆ ಅಂತ ಹೇಳಿಬಿಡುತ್ತೇನೆ. ಸಾಲಾಗಿ ಎಂಟು ಮನೆ. ಒಂದೊಂದಕ್ಕೂ ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ. ಪಕ್ಕದ ಮನೆಯವರಿಗೂ ನಿಮಗೂ ನಡುವೆ ಒಂದೇ ಗೋಡೆ. ಅವರು ಆಕಳಿಸಿದರೆ ನಿಮಗೆ ನಿದ್ದೆ ಬರಬೇಕು, ಅಷ್ಟು ತೆಳು. ಎಂಟು ಮನೆಗೂ ಒಂದೇ ನಲ್ಲಿ, ಒಂದನೇ ಮನೆಯ ಮುಂದೆ. ನೀರು ಬರುವುದು ಬೆಳಗಿನ ಜಾವ, ಮೂರೂವರೆಗೋ ನಾಲ್ಕಕ್ಕೋ, ಅದರ ಇಷ್ಟ. ಬಂದರೆ ಮುಕ್ಕಾಲು ಗಂಟೆ. ಹಾಗಾಗಿ ಅಲ್ಲೊಂದು ಪದ್ಧತಿ. ನಲ್ಲಿ ಬುಸ್ ಅಂದ ತಕ್ಷಣ ಒಂದನೇ ಮನೆಯವರು ಎರಡನೇ ಮನೆಯ ಗೋಡೆಗೆ ಮೂರು ಸಲ ತಟ್ಟುತ್ತಾರೆ. ನೀರು ಬಂತು ಅಂತ. ಅವರು ತಿರುಗಿ ಎರಡು ಸಲ ತಟ್ಟಬೇಕು. ಎದ್ದೆ ಅಂತ. ಆಮೇಲೆ ಅವರು ಮೂರನೆಯವರಿಗೆ. ಹೀಗೆ ಎಂಟರವರೆಗೆ. ಮನೆಮನೆಗೆ ಜಗಳ ಇರಲಿ, ಮಾತು ಬಿಟ್ಟಿರಲಿ, ತಟ್ಟುವುದನ್ನು ಮಾತ್ರ ಬಿಡುವ ಹಾಗಿಲ್ಲ.

ನಮ್ಮವನು ಒಂದು ವರ್ಷ ಮೂರನೇ ಮನೆಯಲ್ಲಿ ಡಿಪೋ ಗೆಳೆಯನ ಜೊತೆ ಇದ್ದ. ಈಗ ಎಂಟನೆಯದು ಖಾಲಿಯಾಗಿ ಇವನಿಗೇ ಸಿಕ್ಕಿತ್ತು. ಸಿಕ್ಕಿದ್ದು ಅಂದರೆ ಸಣ್ಣ ಮಾತಲ್ಲ. ಮದುವೆಯಾಗಿ ಮೂರು ವರ್ಷ. ಹೆಂಡತಿ ಆಸ್ಪತ್ರೆಯಲ್ಲಿ ವಾರ್ಡಿನ ಆಯಾ, ಅಲ್ಲೇ ಹೆಂಗಸರ ಹಾಸ್ಟೆಲಿನಲ್ಲಿ ವಾಸ. ಇಬ್ಬರೂ ಸಿಗುತ್ತಿದ್ದದ್ದು ಪಾರ್ಕಿನ ಬೆಂಚಿನ ಮೇಲೆ, ವಾಚ್‌ಮನ್ ಬಂದು ಎಬ್ಬಿಸುವವರೆಗೆ. ಗಂಡ ಹೆಂಡತಿ ಸೇರಿ ಒಂದು ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೊಂಡದ್ದೇ ಇಲ್ಲ. ಅವಳು ಶನಿವಾರ ಬರುವವಳಿದ್ದಳು. ಇವನ ಕೈಗೆ ಎಟುಕುವ ಇನ್ನೊಂದು ಮನೆ ಆ ಊರಲ್ಲಿ ಇರಲಿಲ್ಲ. ಎಂಟು ತಿಂಗಳು ಹುಡುಕಿದ್ದ. ಇದು ತಪ್ಪಿದರೆ ಮತ್ತೆ ಬೆಂಚೇ.

ಆ ಮನೆಯಲ್ಲಿ ಅವನಿಗೆ ಅದು ಮೊದಲ ರಾತ್ರಿ. ಬೆಳಗಿನ ಜಾವ ಏಳನೇ ಮನೆಯ ಕಡೆಯಿಂದ ಟಿಣ್... ಟಿಣ್... ಟಿಣ್. ಅಲ್ಲಿದ್ದದ್ದು ಗುಂಡಿ ಅಜ್ಜಿ. ಅಂಗಿಗಳಿಗೆ ಗುಂಡಿ ಹೊಲಿದುಕೊಡುವ ಮುದುಕಿ. ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕುವ ಹಿತ್ತಾಳೆ ಟೋಪಿಯಲ್ಲೇ ಗೋಡೆ ತಟ್ಟುತ್ತಿದ್ದಳು. ಇವನು ಅರೆನಿದ್ದೆಯಲ್ಲಿ ಎರಡು ಸಲ ತಟ್ಟಿದ. ಮೂರನೇ ಮನೆಯ ಅಭ್ಯಾಸ ನೋಡಿ... ಕಣ್ಣು ಮುಚ್ಚಿಕೊಂಡೇ ಈ ಕಡೆ ಹೊರಳಿ, ಆಚೆ ಗೋಡೆಗೆ ಮೂರು ಸಲ ತಟ್ಟಿಬಿಟ್ಟ.

ಆಚೆ ಮನೆಯೇ ಇಲ್ಲ. ಗೋಡೆ, ಅದರಾಚೆ ಚರಂಡಿ, ಚರಂಡಿಯಾಚೆ ರಸ್ತೆ.

ಧಪ್... ಧಪ್.

ಎರಡು ಸಲ. ಒದ್ದೆ ಅಂಗೈಯಿಂದ ಹೊಡೆದ ಹಾಗೆ.

ಬಿಂದಿಗೆ ಹಿಡಿದುಕೊಂಡು ಹೊರಗೆ ಓಡಿ ಸುತ್ತಿ ನೋಡಿದ. ಯಾರೂ ಇಲ್ಲ. ಬೀದಿ ದೀಪ ಝುಂಯ್ ಅನ್ನುತ್ತಿತ್ತು. ಗೋಡೆಯ ಹೊರಮೈಯಲ್ಲಿ ಹಳೇ ನೀಲಿ ಸುಣ್ಣ, ಒಂದು ಗೂಡು, ಗೂಡಿನೊಳಗೆ ಮಸಿ. ಹೊರಗೋಡೆಗೆ ಗೂಡು ಯಾಕೆ ಅಂತ ಆಗಲೇ ಅನ್ನಿಸಿತಂತೆ.

ಮರುದಿನ ರಾತ್ರಿ ಅವನು ತಟ್ಟಲಿಲ್ಲ. ಎರಡು ಗಂಟೆಗೆ ಅದೇ ತಟ್ಟಿತು. ಧಪ್... ಧಪ್... ಧಪ್. ಅದರ ಮರುರಾತ್ರಿ ಒಂದು ಗಂಟೆಗೆ. ಇವನು ಕಂಬಳಿ ಬಾಯಿಗೆ ತುರುಕಿಕೊಂಡು ಸುಮ್ಮನಿದ್ದ. ಸುಮ್ಮನಿದ್ದರೆ ಅದು ಬಿಡುವುದಿಲ್ಲ. ಸ್ವಲ್ಪ ತಡೆದು ಮತ್ತೆ ಮೂರು.

ಬೆಳಗ್ಗೆ ನಲ್ಲಿ ಹತ್ತಿರ ಅಜ್ಜಿಯ ಪಕ್ಕ ನಿಂತು ಮೆಲ್ಲಗೆ ಕೇಳಿದ. "ಅಜ್ಜಿ, ರಾತ್ರಿ ಏನಾದ್ರೂ ಕೇಳಿಸ್ತಾ?"

"ನಂಗೆ ಕಿವಿ ಮಂದ ಕಣಪ್ಪ."

"ನೀರು ಬಂದಿದ್ದು ಕೇಳ್ಸುತ್ತಲ್ಲ ಮತ್ತೆ?"

ಅಜ್ಜಿ ಅವನ ಮುಖ ನೋಡಿದಳು. "ಉತ್ತರ ಕೊಟ್ಯಾ?"

"ನಾನೇ... ಮೊದಲು ತಟ್ಟಿದೆ. ಗೊತ್ತಾಗ್ದೆ."

ಅಜ್ಜಿಯ ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಹಿಂದಿದ್ದವಳು "ಏನಜ್ಜಿ, ಹುಡುಗನ್ನ ನೋಡ್ತಾ ನಿಂತುಬಿಟ್ಯಲ್ಲ, ಕೊಡ ತೆಗಿ" ಅಂತ ಕಿಚಾಯಿಸಿದಳು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಇವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಿದಳು.

"ಮೊದಲು ಒಂಬತ್ತು ಮನೆ ಇತ್ತು. ಆಗ ನಾನು ನಿನ್ನ ಮನೇಲೇ ಇದ್ದೆ. ಒಂಬತ್ತನೇದ್ರಲ್ಲಿ ಒಬ್ಳೇ ಒಬ್ಳು. ಹೋಟೆಲಲ್ಲಿ ಪಾತ್ರೆ ತೊಳೆಯೋಳು. ನಲ್ಲಿ ಸಾಲಲ್ಲಿ ನಂಗೂ ಅವಳಿಗೂ ಜಗಳ ಆಯ್ತು. ಅವಳಾಗೇ ಬಂದು ಮಾತಾಡಿಸ್ಲಿ ಅಂತ ನಾಲ್ಕು ದಿನ ತಟ್ಟಲಿಲ್ಲ..."

"ಆಮೇಲೆ?"

"ಐದನೇ ರಾತ್ರಿ ಹಿಂದಿನ ಗೋಡೌನಿಗೆ ಬೆಂಕಿ. ಮನೆಯಿಂದ ಮನೆಗೆ ತಟ್ಕೊಂಡೇ ಎಲ್ರೂ ಹೊರಗೆ ಬಂದ್ವಿ. ಅವಳ ಮನೆ ಹೊಗೆ ತುಂಬ್ಕೊಂಡಿತ್ತು. ಅವಳನ್ನ ಬೆಳಗಾದ್ಮೇಲೆ ತೆಗೆದ್ರು." ಅಜ್ಜಿ ಬೆರಳಿನ ಟೋಪಿ ತಿರುಗಿಸುತ್ತಲೇ ಇದ್ದಳು. "ಮನೇನ ಆಮೇಲೆ ರಸ್ತೆಗೆ ಅಂತ ಕೆಡವಿದ್ರು. ಉತ್ತರ ಮಾತ್ರ ಕೊಡ್ಬೇಡ ಮಗಾ. ಏನೇ ಆದ್ರೂ."

ಇವನು ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಬರುತ್ತಾಳೋ ಇಲ್ಲವೋ... ಆ ಭಯ ಈ ಭಯಕ್ಕಿಂತ ದೊಡ್ಡದಾಗಿತ್ತು.

ಶನಿವಾರ ಸಂಜೆ ಅವಳು ಬಂದಳು. ಒಂದು ತಗಡಿನ ಟ್ರಂಕು, ಒಂದು ಸ್ಟವ್. ಟ್ರಂಕನ್ನು ಅಜ್ಜಿಯ ಕಡೆ ಗೋಡೆಗೆ ಒತ್ತಿ ಇಟ್ಟಳು. ಬಾಗಿಲಿನ ಚಿಲಕವನ್ನು ತಾನೇ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. "ಎಷ್ಟು ಚೆನ್ನಾಗಿ ಬೀಳುತ್ತೆ ನೋಡ್ರೀ" ಅಂದಳು. ಹನ್ನೆರಡರವರೆಗೂ ಮಾತು. ಆಮೇಲೆ ಇಬ್ಬರಿಗೂ ನಿದ್ದೆ.

ಧಪ್... ಧಪ್... ಧಪ್.

ಇವನಿಗೆ ಎಚ್ಚರ ಆಗುವಷ್ಟರಲ್ಲಿ ಅವಳು ಎದ್ದು ಕೂತಿದ್ದಳು. ಗೋಡೆಯ ಪದ್ಧತಿಯನ್ನು ಸಂಜೆ ತಾನೇ ಅವಳಿಗೆ ಹೇಳಿಕೊಟ್ಟಿದ್ದ. ಯಾವ ಗೋಡೆ ಅಂತ ಹೇಳಿರಲಿಲ್ಲ.

"ಬೇಡ..."

ಅವಳ ಕೈ ಆಗಲೇ ಎರಡು ಸಲ ತಟ್ಟಿ ಆಗಿತ್ತು.

ನಿಶ್ಶಬ್ದ. ಚರಂಡಿಯಲ್ಲಿ ನೀರು ಗುಳುಗುಳು ಅನ್ನುತ್ತಿದ್ದದ್ದೂ ನಿಂತುಹೋಯಿತು.

"ಏನ್ರೀ?"

"ಮಾತಾಡ್ಬೇಡ... ಆ ಕಡೆ ಮನೆ ಇಲ್ಲ ಕಣೇ."

ಆಮೇಲೆ ನೆಲದ ಮೇಲೆ ಸದ್ದು. ಪಚ್... ಪಚ್... ಪಚ್. ಒದ್ದೆ ಬರಿಗಾಲಿನದು. ಹೊರಗಲ್ಲ. ಒಳಗೆ. ಆಚೆ ಗೋಡೆಯಿಂದ ಹೊರಟು, ಇಬ್ಬರೂ ಕೂತಿದ್ದ ಚಾಪೆಯ ಕಾಲ್ದೆಸೆಯಲ್ಲಿ ಹಾದು, ಈಚೆ ಗೋಡೆಯ ಹತ್ತಿರ ನಿಂತಿತು. ಕಾಣಿಸಿದ್ದು ಏನೂ ಇಲ್ಲ. ಹೊಗೆ ಹಿಡಿದ ಬಟ್ಟೆಯ ವಾಸನೆ.

ಧಪ್... ಧಪ್... ಧಪ್.

ಅಜ್ಜಿಯ ಗೋಡೆಗೆ. ಇವರ ಕೋಣೆಯ ಒಳಗಿನಿಂದ. ಒಂದೊಂದು ಏಟಿಗೂ ಟ್ರಂಕಿನ ಕೊಂಡಿ ಕಿಣಿಕ್ ಅನ್ನುತ್ತಿತ್ತು.

ಅಜ್ಜಿ ಉತ್ತರ ಕೊಡಲಿಲ್ಲ.

ಮತ್ತೆ ಮೂರು. ಮತ್ತೆ ಮೂರು. ಇವನು ಹೆಂಡತಿಯ ಮಣಿಕಟ್ಟು ಹಿಡಿದಿದ್ದ, ಅವಳ ನಾಡಿ ಇವನ ಬೆರಳಿಗೆ ಬಡಿಯುತ್ತಿತ್ತು. ಅವಳು ಎಷ್ಟೋ ಜನರ ಕಣ್ಣು ಮುಚ್ಚಿದ ಕೈಯವಳು. ನಿಧಾನಕ್ಕೆ ಕೈ ಬಿಡಿಸಿಕೊಂಡಳು. ಗೋಡೆಯ ಕಡೆ ಮುಖ ಮಾಡಿ, ವಾರ್ಡಿನಲ್ಲಿ ಮಾತಾಡುವ ಹಾಗೆ ಮೆತ್ತಗೆ ಹೇಳಿದಳು.

"ಅಜ್ಜಿ... ನಿಮ್ಮನ್ನೇ ಎಬ್ಬಿಸ್ತಾ ಇರೋದು. ಓ ಅನ್ನಿ. ಎಷ್ಟೊತ್ತು ಕಾಯಿಸ್ತೀರ?"

ಗೋಡೆಯಾಚೆ ಹಗ್ಗದ ಮಂಚ ಕಿರ್ರ್ ಅಂತು. ಆಮೇಲೆ ಅಜ್ಜಿಯ ದನಿ, ಗೋಡೆಗೆ ಬಾಯಿ ಹಚ್ಚಿದ ಹಾಗೆ.

"ಎದ್ದಿದ್ದೀನಿ ಕಣೇ... ಅವತ್ತೂ ಎದ್ದೇ ಇದ್ದೆ."

ಟಿಣ್... ಟಿಣ್.

ಪಚ್ ಪಚ್ ಸದ್ದು ವಾಪಸ್ ಹೋಯಿತು. ಚರಂಡಿ ಮತ್ತೆ ಗುಳುಗುಳು ಅಂತು. ಹೆಂಡತಿ ಎದ್ದು ಚಿಲಕ ನೋಡಿದಳು. ಹಾಕಿದ್ದು ಹಾಕಿದ ಹಾಗೇ ಇತ್ತು.

"ನಾಳೆ ಹಾಸ್ಟೆಲಿಗೆ ಹೋಗಿಬಿಡ್ತೀಯಾ?" ಅಂದ ಇವನು.

"ಮೂರು ವರ್ಷ ಬೆಂಚಲ್ಲಿ ಕೂತು ಸಾಕಾಗಿದೆ. ನಂಗೆ ಈ ಮನೆ ಬೇಕು" ಅಂದಳು. ಆಮೇಲೆ ದಿಂಬು ಎತ್ತಿಕೊಂಡು, "ಚಾಪೆ ಮಾತ್ರ ಮಧ್ಯಕ್ಕೆ ಎಳೀರಿ."

ಅವರು ಈಗಲೂ ಅಲ್ಲೇ ಇದ್ದಾರೆ. ಬೆಳಗಿನ ಜಾವ ಅಜ್ಜಿ ತಟ್ಟಿದರೆ ಇವರು ಎರಡು ತಟ್ಟಿ, ತಿರುಗಿ ಆಚೆ ಗೋಡೆಗೂ ಮೂರು ತಟ್ಟುತ್ತಾರೆ. ಆಮೇಲೆ ರಾತ್ರಿ ತೊಂದರೆ ಇಲ್ಲ. ಅಜ್ಜಿ ಮಾತ್ರ ಈಗ ಒಂದು ಕೊಡ ಹೆಚ್ಚು ಹಿಡಿಯುತ್ತಾಳೆ. ಅದನ್ನು ಹೊತ್ತುಕೊಂಡು ಹೋಗಿ ಆಚೆ ಗೋಡೆಯ ಬುಡದಲ್ಲಿ ಇಡುತ್ತಾಳೆ. ಯಾಕೆ ಅಂತ ಯಾರೂ ಕೇಳುವುದಿಲ್ಲ.

ನಾನು ನಂಬಿರಲಿಲ್ಲ. ಊರೂರು ಅಲೆದವನು, ಸ್ಮಶಾನದ ಕಟ್ಟೆಯ ಮೇಲೂ ಮಲಗಿ ಎದ್ದವನು. ಹೋದ ತಿಂಗಳು ಅವರಲ್ಲಿ ಒಂದು ರಾತ್ರಿ ಉಳಿದೆ. ಅಜ್ಜಿ ತುಂಬಿದ ಕೊಡ ಇಟ್ಟು ಹೋದದ್ದನ್ನು ನೋಡಿದೆ. ಬಗ್ಗಿ ನೀರಿಗೆ ಬೆರಳನ್ನೂ ಅದ್ದಿದೆ. ಆಮೇಲೆ ಆ ಗೋಡೆಯ ಮೂಲೆಯಲ್ಲೇ ಬೀಡಿ ಹಚ್ಚಿ ಕೂತೆ, ಬೆಳಕು ಹರಿಯುವವರೆಗೆ. ನಾಯಿ ಕೂಡ ಆ ಕಡೆ ಹಾಯಲಿಲ್ಲ. ಒಂದೇ ಒಂದು ಸಲ, ಬೀಡಿ ಆರಿತು ಅಂತ ಕಡ್ಡಿ ಗೀರೋಕೆ ತಲೆ ತಗ್ಗಿಸಿದೆ. ನೀವು ನಂಬಿ, ಬಿಡಿ. ಈ ಕಣ್ಣಲ್ಲಿ ನೋಡಿದ್ದು ಹೇಳುತ್ತಿದ್ದೇನೆ. ತಲೆ ಎತ್ತಿದಾಗ ಕೊಡ ಖಾಲಿ. ಚೆಲ್ಲಿರಲಿಲ್ಲ, ಸುತ್ತ ನೆಲ ಒಣಗೇ ಇತ್ತು. ಬೂದಿ ಹಾಕಿ ತಿಕ್ಕಿ, ತೊಳೆದು, ಬೋರಲು ಇಟ್ಟಿತ್ತು. ಕಂಠದ ಸುತ್ತ ಸ್ವಲ್ಪ ಬೂದಿ ಇನ್ನೂ ಅಂಟಿಕೊಂಡಿತ್ತು.

ಆ ವಠಾರದಲ್ಲಿ ಒಂದು ಮನೆಯಲ್ಲೂ ಸೌದೆ ಒಲೆ ಇಲ್ಲ.